ಡೇಸಿಯನ್ ಭಾಷೆ ಸಂಸ್ಕೃತಕ್ಕೆ ಏನಾಗಬೇಕು?

ಪ್ರಶ್ನೆ: ರೊಮೇನಿಯಾದ ಕಡೆ ಹಿಂದೆ ಇದ್ದ ಡೇಸಿಯನ್ ಭಾಷೆ ಸಂಸ್ಕೃತಕ್ಕೆ ತುಂಬಾ ಹತ್ತಿರ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಅವರ ಕೊನೆಯ ರಾಜ ಡೆಸಿಬಾಲಸ್‌ನ ಹೆಸರು 'ದಶಬಲ' ಅಂತೆ. ಲ್ಯಾಟಿನ್ ಕೂಡ ಡೇಸಿಯನ್‌ನಿಂದಲೇ ಹುಟ್ಟಿದ್ದಂತೆ. ಇದರಲ್ಲಿ ಎಷ್ಟು ನಿಜ? ಒಂದು ಪುಸ್ತಕವೂ ಉಳಿಯದ ಭಾಷೆಯ ಬಗ್ಗೆ ಇಷ್ಟೆಲ್ಲ ಹೇಗೆ ಹೇಳುತ್ತಾರೆ? ಆ ಭಾಷೆ ಸತ್ತದ್ದು ಯಾವಾಗ?

ಉತ್ತರ: ದಶಬಲದಿಂದಲೇ ಶುರು ಮಾಡೋಣ. ವಿಡಿಯೋ ಎಲ್ಲಿ ದಾರಿ ತಪ್ಪಿದೆ ಅನ್ನೋದು ಆ ಒಂದೇ ಪದದಲ್ಲಿ ಕಾಣುತ್ತದೆ.

ಡೆಸಿಬಾಲಸ್ ಅನ್ನೋದು ಇಂಗ್ಲಿಷ್ ಓದುವವರ ಉಚ್ಚಾರ. ಆ ರಾಜ ಆಳಿದ್ದು ಕ್ರಿ.ಶ. 87ರಿಂದ 106ರವರೆಗೆ. ಆ ಕಾಲದ ಲ್ಯಾಟಿನ್‌ನಲ್ಲಿ 'ಸಿ' ಅಕ್ಷರಕ್ಕೆ ಇದ್ದದ್ದು 'ಕ' ಧ್ವನಿ ಮಾತ್ರ. ಗ್ರೀಕರೂ ಅವನ ಹೆಸರನ್ನು ತಮ್ಮ 'ಕಪ್ಪಾ' ಅಕ್ಷರ ಹಾಕಿಯೇ ಬರೆದಿದ್ದಾರೆ. ಅಂದರೆ ಅವನು ಡೆಕೆಬಾಲುಸ್. ನಮ್ಮ ಕಿವಿಗೆ 'ದಶ' ಅಂತ ಕೇಳಿಸುವ ಆ 'ಸ' ಅವನ ಹೆಸರಿನಲ್ಲಿ ಇರಲೇ ಇಲ್ಲ.

'ಹತ್ತು ಜನರ ಬಲ ಇರುವವನು' ಅನ್ನೋ ಅರ್ಥವನ್ನು ಕೆಲವು ವಿದ್ವಾಂಸರೂ ಹೇಳಿದ್ದುಂಟು, ವಿಡಿಯೋದವರು ಸುಮ್ನೆ ಹುಟ್ಟಿಸಿದ್ದಲ್ಲ. ಆದರೆ ಅದನ್ನು ಒಪ್ಪುವುದು ಕಷ್ಟ. ಯಾಕೆ ಅಂತ ಹೇಳಬೇಕಾದರೆ ಒಂದು ಧ್ವನಿ ನಿಯಮ ಹೇಳಬೇಕು. ಇಂಡೋ-ಯುರೋಪಿಯನ್ ಭಾಷೆಗಳನ್ನು, ಅಂದರೆ ಸಂಸ್ಕೃತ, ಗ್ರೀಕ್, ಲ್ಯಾಟಿನ್ ತರಹ ಒಂದೇ ಮೂಲ ಭಾಷೆಯಿಂದ ಬಂದವುಗಳನ್ನು, ಅಕ್ಕಪಕ್ಕ ಇಟ್ಟು ನೋಡಿದರೆ, ಲ್ಯಾಟಿನ್, ಗ್ರೀಕ್ ಕಡೆ 'ಕ' ಇರುವ ಎಷ್ಟೋ ಪದಗಳಲ್ಲಿ ಸಂಸ್ಕೃತ, ಲಿಥುವೇನಿಯನ್, ರಷ್ಯನ್ ಕಡೆ 'ಶ' ಅಥವಾ 'ಸ' ಬರುತ್ತದೆ. ಲ್ಯಾಟಿನ್‌ನಲ್ಲಿ ನೂರಕ್ಕೆ ಕೆಂಟುಂ, ಸಂಸ್ಕೃತದಲ್ಲಿ ಶತ. ಅಲ್ಲಿ ಎಕ್ವುಸ್, ಇಲ್ಲಿ ಅಶ್ವ. ಅಲ್ಲಿ ಡೆಕೆಮ್, ಇಲ್ಲಿ ದಶ. ಹೀಗೆ 'ಕ' ಧ್ವನಿ 'ಶ' ಅಥವಾ 'ಸ' ಆದ ಭಾಷೆಗಳಿಗೆ 'ಸತೆಮ್' ಅಂತಾರೆ, ಅದು ನೂರಕ್ಕೆ ಇರಾನಿನ ಹಳೆಯ ಅವೆಸ್ತಾ ಭಾಷೆಯಲ್ಲಿರುವ ಪದ. ಡೇಸಿಯನ್ ಕೂಡ ಸತೆಮ್ ಭಾಷೆ ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಈಗ ನೋಡಿ: ಡೇಸಿಯನ್ ಸಂಸ್ಕೃತದ ಹಾಗೆ ಸತೆಮ್ ಆಗಿದ್ದರೆ, ಅದರಲ್ಲಿ 'ಹತ್ತು' ಅನ್ನೋ ಪದದೊಳಗೆ 'ಸ' ಅಥವಾ 'ಶ' ಇರಬೇಕಿತ್ತು, 'ಕ' ಅಲ್ಲ. ಡೆಕೆಬಾಲುಸ್‌ನಲ್ಲಿ ಇರುವುದು 'ಕ'. ಅಂದಮೇಲೆ ಆ 'ಡೆಕೆ' ಹತ್ತು ಆಗುವುದಿಲ್ಲ. ಭಾಷೆ ಸಂಸ್ಕೃತಕ್ಕೆ ಹತ್ತಿರ ಅನ್ನೋ ಮಾತನ್ನು ಹಿಡಿದರೆ ದಶಬಲ ಕೈಬಿಡಬೇಕು. ಎರಡನ್ನೂ ಒಟ್ಟಿಗೆ ಹಿಡಿಯಲು ಆಗುವುದಿಲ್ಲ.

ಇನ್ನು 'ಬಲ'. ಸಂಸ್ಕೃತದ ಬಲ ಎಲ್ಲಿಂದ ಬಂತು ಅನ್ನೋದೇ ಇನ್ನೂ ವಾದದಲ್ಲಿರುವ ವಿಷಯ. ನಮ್ಮ 'ಬಲ್', 'ಬಲ್ಲಿದ', ತಮಿಳಿನ 'ವಲ್' ನೋಡಿ, ಅದು ದ್ರಾವಿಡದಿಂದ ಸಂಸ್ಕೃತಕ್ಕೆ ಹೋದ ಪದ ಅಂದವರೂ ಇದ್ದಾರೆ. ಇಂಥ ಪದವನ್ನು ನಂಬಿ ಡ್ಯಾನ್ಯೂಬ್ ದಾಟುವುದು ಬೇಡ ಅಂತ ನನ್ನ ಅಭಿಪ್ರಾಯ.

ಹಾಗಾದರೆ ಸಂಬಂಧವೇ ಇಲ್ಲವಾ? ಇದೆ, ಖಂಡಿತ ಇದೆ. ಅದನ್ನು ತೋರಿಸಲು ದಶಬಲಕ್ಕಿಂತ ಚೆನ್ನಾದ ಪದಗಳೂ ಇವೆ.

ಡೇಸಿಯಾ ಅಂದರೆ ಕಾರ್ಪೇಥಿಯನ್ ಬೆಟ್ಟಗಳ ನಾಡು, ಹೆಚ್ಚು ಕಡಿಮೆ ಈಗಿನ ರೊಮೇನಿಯಾ. ಡ್ಯಾನ್ಯೂಬ್‌ನ ದಕ್ಷಿಣಕ್ಕೆ, ಈಗಿನ ಬಲ್ಗೇರಿಯಾದ ಉತ್ತರ ಭಾಗದಲ್ಲೂ ಇದೇ ಅಥವಾ ಇದಕ್ಕೆ ತೀರ ಹತ್ತಿರದ ಮಾತು ಇತ್ತು. ರಾಜಧಾನಿ ಸರ್ಮಿಜೆಗೆತುಸಾ, ಒರಷ್ಟಿಯೆ ಬೆಟ್ಟಗಳ ಮೇಲೆ. ರೋಮ್ ಚಕ್ರವರ್ತಿ ಟ್ರೇಜನ್ ಎರಡು ಯುದ್ಧ ಮಾಡಿ, ಮೊದಲನೆಯದು 101-102ರಲ್ಲಿ, ಎರಡನೆಯದು 105-106ರಲ್ಲಿ, ಈ ರಾಜ್ಯವನ್ನು ಮುಗಿಸಿದ. ಆ ಯುದ್ಧದ ಕಥೆಯನ್ನೇ ರೋಮ್‌ನಲ್ಲಿರುವ ಟ್ರೇಜನ್ ಕಂಬದ ಮೇಲೆ ಸುತ್ತಲೂ ಕೆತ್ತಿದ್ದಾರೆ. ಕಂಬ ನಿಂತದ್ದು 113ರಲ್ಲಿ. ಯುದ್ಧದ ಬಗ್ಗೆ ಟ್ರೇಜನ್ ತಾನೇ ಒಂದು ಪುಸ್ತಕವನ್ನೂ ಬರೆದಿದ್ದ.

ಆ ಪುಸ್ತಕ ಕಳೆದುಹೋಗಿದೆ. ಉಳಿದಿರುವುದು ಒಂದೇ ವಾಕ್ಯ. ಅದೂ ಉಳಿದದ್ದು ಯುದ್ಧದ ಕಾರಣಕ್ಕಲ್ಲ. 6ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಲ್ಯಾಟಿನ್ ಪಾಠ ಹೇಳುತ್ತಿದ್ದ ಪ್ರಿಶಿಯನ್ ಅನ್ನೋ ವೈಯಾಕರಣಿ ಅದನ್ನು ಒಂದು ವ್ಯಾಕರಣದ ಉದಾಹರಣೆಯಾಗಿ ಎತ್ತಿ ಬರೆದುಕೊಂಡ. ವಾಕ್ಯ ಇಷ್ಟೇ: 'ಅಲ್ಲಿಂದ ಬೆರ್ಜೋಬಿಸ್‌ಗೆ, ಆಮೇಲೆ ಐಜಿಸ್‌ಗೆ ಮುಂದುವರಿದೆವು.' ಒಬ್ಬ ಚಕ್ರವರ್ತಿಯ ಇಡೀ ಪುಸ್ತಕದಲ್ಲಿ ನಮಗೆ ಸಿಕ್ಕಿದ್ದು ಎರಡು ಊರಿನ ಹೆಸರು. ಆದರೆ ಎಂಥ ಹೆಸರು!

ಬೆರ್ಜೋಬಿಸ್ ಈಗಲೂ ಇದೆ, ಬೆರ್ಜೋವಿಯಾ ಅಂತ ಕರೆಯುತ್ತಾರೆ, ಪಕ್ಕದಲ್ಲಿ ಹರಿಯುವ ಹೊಳೆ ಬರ್ಜಾವಾ. ಇದರ ಮೊದಲ ಭಾಗ 'ಬೆರ್ಜ್'. ಲಿಥುವೇನಿಯನ್‌ನಲ್ಲಿ 'ಬೆರ್ಜಸ್' ಅಂದರೆ ಒಂದು ಮರ, ಬಿಳಿ ತೊಗಟೆಯ ಮರ. ರಷ್ಯನ್‌ನಲ್ಲಿ ಅದು 'ಬೆರ್ಯೋಜಾ', ಇಂಗ್ಲಿಷ್‌ನಲ್ಲಿ 'ಬರ್ಚ್'. ಸಂಸ್ಕೃತದಲ್ಲಿ ಏನು ಗೊತ್ತಾ? ಭೂರ್ಜ. ಕಾಶ್ಮೀರದಲ್ಲಿ ಗ್ರಂಥ ಬರೆಯುತ್ತಿದ್ದ ಭೂರ್ಜಪತ್ರ ಇದೆಯಲ್ಲ, ಅದೇ ಮರದ ತೊಗಟೆ. ಕಾರ್ಪೇಥಿಯನ್ ಬೆಟ್ಟದ ಒಂದು ಹೊಳೆಯ ಹೆಸರಿನಲ್ಲೂ ಹಿಮಾಲಯದ ಒಂದು ಹಸ್ತಪ್ರತಿಯ ಹೆಸರಿನಲ್ಲೂ ಒಂದೇ ಮರ ನಿಂತಿದೆ. ಇಷ್ಟು ವರ್ಷ ಪಾಠ ಮಾಡಿದ ಮೇಲೂ ಈ ಪದದ ಹತ್ತಿರ ಬಂದಾಗ ನನಗೆ ಖುಷಿಯಾಗುತ್ತದೆ.

ಇಲ್ಲಿ ಧ್ವನಿಗಳನ್ನೂ ಗಮನಿಸಿ. ಮೂಲ ಭಾಷೆಯಲ್ಲಿ ಆ ಮರದ ಹೆಸರಿನ ಕೊನೆಗೆ ಒಂದು ಬಗೆಯ 'ಗ' ಇತ್ತು. ಸಂಸ್ಕೃತದಲ್ಲಿ ಅದು 'ಜ' ಆಯಿತು. ಲಿಥುವೇನಿಯನ್ ಸೇರುವ ಬಾಲ್ಟಿಕ್, ರಷ್ಯನ್ ಸೇರುವ ಸ್ಲಾವ್ ಭಾಷೆಗಳಲ್ಲಿ ಇಂಗ್ಲಿಷ್‌ನ 'ಝೆಡ್' ತರಹದ ಧ್ವನಿಯಾಯಿತು. ಡೇಸಿಯನ್‌ನಲ್ಲೂ ಅದೇ 'ಝೆಡ್'. ಐಜಿಸ್ ಅನ್ನೋ ಎರಡನೇ ಊರಿನಲ್ಲೂ ಅದೇ ಧ್ವನಿ ಇದೆ. ಅದನ್ನು ಗ್ರೀಕಿನ 'ಐಕ್ಸ್', ಆರ್ಮೇನಿಯನ್‌ನ 'ಐಟ್ಸ್', ಅಂದರೆ ಆಡು ಅನ್ನೋ ಪದಗಳ ಜೊತೆ ಇಟ್ಟು ನೋಡುತ್ತಾರೆ. ಭಾಷೆಗಳ ನಂಟನ್ನು ಪತ್ತೆ ಹಚ್ಚುವುದು ಹೀಗೆ. ಪದ ಕೇಳಲು ಒಂದೇ ತರ ಇದೆ ಅನ್ನೋದು ಸಾಕಾಗುವುದಿಲ್ಲ. ಧ್ವನಿ ಬದಲಾದದ್ದು ಒಂದು ನಿಯಮದ ಪ್ರಕಾರವೇ ಅಂತ ಮತ್ತೆ ಮತ್ತೆ ಕಾಣಬೇಕು.

ಇನ್ನೊಂದು ಊರು ಜೆರ್ಮಿಸಾರಾ. ಆಗಿನ ಉಚ್ಚಾರದಲ್ಲಿ ಗೆರ್ಮಿಸಾರಾ. ಈಗಿನ ಹೆಸರು ಜೋಜು-ಬಾಯ್, ಹುನೆದೊಆರಾ ಜಿಲ್ಲೆಯಲ್ಲಿದೆ. ಅಲ್ಲಿ ಬಿಸಿನೀರಿನ ಬುಗ್ಗೆಗಳಿವೆ, ರೋಮನ್ನರು ಅಲ್ಲಿ ಸ್ನಾನದ ಕೊಳ ಕಟ್ಟಿಕೊಂಡಿದ್ದರು. 'ಗೆರ್ಮಿ' ಅಂದರೆ ಬಿಸಿ. ಸಂಸ್ಕೃತದ ಘರ್ಮ ಅದೇ. ಗ್ರೀಕಿನ 'ಥೆರ್ಮೋಸ್' ಅದೇ, ಅದರಿಂದಲೇ ನಮ್ಮ ಮನೆಯ ಥರ್ಮಾಸ್, ಥರ್ಮಾಮೀಟರ್ ಬಂದದ್ದು. ಪಾರ್ಸಿಯ 'ಗರ್ಮ್' ಕೂಡ ಅದೇ. ನಾವು ಕನ್ನಡದಲ್ಲಿ 'ಚಹಾ ಗರಂ ಇದೆ' ಅನ್ನುವಾಗಲೂ, ಗರಂ ಮಸಾಲೆ ಅನ್ನುವಾಗಲೂ ಆ ಪದವನ್ನೇ ಹೇಳುತ್ತೇವೆ. 'ಸಾರಾ' ಅನ್ನೋದು ಹರಿಯುವುದು ಅನ್ನೋ ಧಾತುವಿನದು, ನಮ್ಮ ಸರಿತೆಯ ಬಂಧು. ಗೆರ್ಮಿಸಾರಾ ಅಂದರೆ ಬಿಸಿನೀರಿನ ಹರಿವು. ಇಲ್ಲಿ ಅರ್ಥವನ್ನು ಊಹಿಸಿ ಸುಮ್ಮನಾಗಬೇಕಿಲ್ಲ, ಊರಿಗೆ ಹೋಗಿ ನೀರಿಗೆ ಕೈ ಹಾಕಿ ನೋಡಬಹುದು. ಇಂಥ ಪುರಾವೆ ಸಿಗುವುದು ಅಪರೂಪ.

ಮೂರನೆಯದು ಊರಿನ ಹೆಸರುಗಳ ಬಾಲ. ಸುಕಿದವಾ, ಬುರಿದವಾ, ಕಾಪಿದವಾ, ಪೆಲೆಂದವಾ, ಪಿರೋಬೊರಿದವಾ, ಹೀಗೆ ಸಾಲು ಸಾಲಾಗಿ 'ದವಾ' ಬರುತ್ತದೆ. ಒಂದು ಕ್ಷಣ ಹೀಗೆ ಯೋಚಿಸಿ: ಕನ್ನಡ ಪೂರ್ತಿ ಅಳಿದುಹೋಗಿದೆ, ಒಂದು ನಕ್ಷೆ ಮಾತ್ರ ಉಳಿದಿದೆ. ಬೆಂಗಳೂರು, ಮೈಸೂರು, ಮಂಗಳೂರು, ರಾಯಚೂರು ನೋಡಿದವರಿಗೆ 'ಊರು' ಅಂದರೆ ಜನ ಇರುವ ಜಾಗ ಅಂತ ಹೊಳೆಯುವುದಿಲ್ಲವಾ? 'ದವಾ' ಕಥೆಯೂ ಅದೇ. ಅದರ ಧಾತು 'ಇಡು, ನೆಲೆಗೊಳಿಸು' ಅನ್ನೋದು, ಸಂಸ್ಕೃತದ 'ಧಾ'. ನಮಗೆ ಗೊತ್ತಿರುವ ಧಾಮ, ನಿಧಿ ಅದೇ ಧಾತುವಿನಿಂದ ಬಂದವು.

ಈ ಬಾಲದಿಂದ ಇನ್ನೊಂದು ವಾದವೂ ಹುಟ್ಟಿತು. ಇನ್ನೂ ದಕ್ಷಿಣಕ್ಕೆ, ಥ್ರೇಸ್ ಕಡೆ ಹೋದರೆ 'ದವಾ' ಕಡಿಮೆಯಾಗಿ 'ಪಾರಾ', 'ಬ್ರಿಯಾ' ಅನ್ನೋ ಬಾಲಗಳು ಬರುತ್ತವೆ. ಇದನ್ನು ನೋಡಿ ಬಲ್ಗೇರಿಯಾದ ಭಾಷಾ ವಿಜ್ಞಾನಿ ವ್ಲಾದಿಮಿರ್ ಗಿಯೋರ್ಗೀವ್, ಡೇಸಿಯನ್ ಬೇರೆ ಥ್ರೇಸಿಯನ್ ಬೇರೆ ಅಂದರು. ಆದರೆ 2000 ವರ್ಷದ ಹಿಂದಿನ ಭೂಗೋಳಕಾರ ಸ್ಟ್ರಾಬೋ, ಡೇಸಿಯನ್ನರದೂ ಕಪ್ಪು ಸಮುದ್ರದ ಕಡೆಯ ಗೇಟೇ ಜನರದೂ ಒಂದೇ ಮಾತು, ಗೇಟೇ ಜನರದೂ ಥ್ರೇಸಿಯನ್ನರದೂ ಒಂದೇ ಮಾತು ಅಂತ ಬರೆದಿಟ್ಟಿದ್ದಾನೆ. ಒಂದೇ ಭಾಷೆಯ ಎರಡು ಉಪಭಾಷೆಗಳಾ, ಎರಡು ಭಾಷೆಗಳಾ ಅನ್ನೋ ವಾದ ಇವತ್ತಿಗೂ ಮುಗಿದಿಲ್ಲ.

ಈಗ ಗಿಡಮೂಲಿಕೆಗಳ ವಿಷಯ. ವಿಡಿಯೋಗಳಲ್ಲಿ 'ಡೇಸಿಯನ್ ಪದಗಳ ಪಟ್ಟಿ' ಅಂತ ಬರುವುದು ಹೆಚ್ಚಾಗಿ ಇಲ್ಲಿಂದಲೇ. ಡಯೋಸ್ಕೊರಿಡೀಸ್ ಅನ್ನೋ ಗ್ರೀಕ್ ವೈದ್ಯ ಕ್ರಿ.ಶ. 1ನೇ ಶತಮಾನದಲ್ಲಿ ಔಷಧಿ ಸಸ್ಯಗಳ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದ. ನಮ್ಮ ಆಯುರ್ವೇದ ನಿಘಂಟುಗಳಲ್ಲಿ ಒಂದೇ ಗಿಡಕ್ಕೆ ಹತ್ತಾರು ಹೆಸರು ಕೊಡುತ್ತಾರಲ್ಲ, ಹಾಗೇ ಅದರ ಕೆಲವು ಪ್ರತಿಗಳಲ್ಲಿ ರೋಮನ್ನರು ಹೀಗೆ ಕರೆಯುತ್ತಾರೆ, ಈಗಿನ ಫ್ರಾನ್ಸ್ ಕಡೆಯ ಗಾಲ್ ಜನ ಹೀಗೆ, ಡೇಸಿಯನ್ನರು ಹೀಗೆ ಅಂತ ಸೇರಿಸಿದ್ದಾರೆ. ಲ್ಯಾಟಿನ್‌ನ ಇನ್ನೊಂದು ಮೂಲಿಕೆ ಗ್ರಂಥದಲ್ಲೂ ಕೆಲವು ಸಿಗುತ್ತವೆ. ಇವುಗಳಲ್ಲಿ ಚಿನ್ನವೂ ಇದೆ, ಕಸವೂ ಇದೆ. ಬೇರ್ಪಡಿಸಲು ತಾಳ್ಮೆ ಬೇಕು.

ಒಂದು ಉದಾಹರಣೆ ಹೇಳುತ್ತೇನೆ. ಐದೈದು ಎಲೆಗಳ ಗೊಂಚಲು ಬಿಡುವ ಒಂದು ಗಿಡ. ಗಾಲ್ ಜನರ ಹೆಸರು 'ಪೆಂಪೆದುಲಾ'. ಅದು ಸ್ಪಷ್ಟ: ಪೆಂಪೆ ಅಂದರೆ ಐದು, ನಮ್ಮ ಪಂಚದ ಬಂಧು, ದುಲಾ ಅಂದರೆ ಎಲೆ. ಡೇಸಿಯನ್ ಹೆಸರು 'ಪ್ರೊಪೆದುಲಾ' ಅಂತ ಬರೆದಿದೆ. ಇದು ನಿಜವಾದ ಡೇಸಿಯನ್ ಪದವಾ, ಅಥವಾ ಗಾಲ್ ಪದವನ್ನೇ ಯಾರೋ ನಕಲುಗಾರ ತಪ್ಪಾಗಿ ಬರೆದು ಡೇಸಿಯನ್ನರ ತಲೆಗೆ ಕಟ್ಟಿದನಾ? ಇನ್ನೊಂದು ಗಿಡ, ಗ್ರೀಕಿನಲ್ಲಿ 'ಎತ್ತಿನ ನಾಲಿಗೆ' ಅನ್ನೋ ಹೆಸರಿನದು. ಅದಕ್ಕೆ ಡೇಸಿಯನ್ ಹೆಸರು 'ಬುದಾಥ್ಲಾ'. 'ಬು' ಅಂದರೆ ಎತ್ತು, ಸಂಸ್ಕೃತದ ಗೋ ಅಂತ ಕೆಲವರು ಸಂತೋಷಪಡುತ್ತಾರೆ. ಆದರೆ ಸತೆಮ್ ಭಾಷೆಗಳಲ್ಲಿ ಆ ಪದದ ಮೊದಲ ಧ್ವನಿ 'ಗ' ಆಗಿಯೇ ಉಳಿಯುತ್ತದೆ. ಸಂಸ್ಕೃತದಲ್ಲಿ ಗೋ, ಲಾಟ್ವಿಯನ್‌ನಲ್ಲಿ ಗೊವ್ಸ್. 'ಬ' ಆಗಿರುವುದು ಗ್ರೀಕ್, ಲ್ಯಾಟಿನ್ ಕಡೆ. ಗೆರ್ಮಿಸಾರಾದಲ್ಲಿ ಅಷ್ಟು ಚೆನ್ನಾಗಿ 'ಗ' ಇಟ್ಟುಕೊಂಡಿದ್ದ ಭಾಷೆ ಇಲ್ಲಿ ಮಾತ್ರ ಯಾಕೆ 'ಬ' ಅನ್ನಬೇಕು? ಇದು ಎರವಲು ಪದ ಅನ್ನೋದೇ ನನ್ನ ಅನುಮಾನ. ಒಳ್ಳೆಯ ಪದಗಳೂ ಇವೆ. ಕಪ್ಪು ಹಣ್ಣು ಬಿಡುವ ಮುಳ್ಳು ಪೊದೆಗೆ 'ಮಾಂತಿಯಾ', ಅಲ್ಬೇನಿಯನ್‌ನಲ್ಲಿ ಹಿಪ್ಪುನೇರಳೆಗೆ 'ಮಾಂಡ್'. ಅದು ನಂಬುವಂಥದ್ದು.

ನಮಗೂ ಇಂಥ ಒಂದು ಪಾಠ ಗೊತ್ತು. ಈಜಿಪ್ಟ್‌ನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ 2ನೇ ಶತಮಾನದ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆ ಅಂತ ಹುಲ್ಟ್ಶ್, ಶಾಮಶಾಸ್ತ್ರಿ, ಗೋವಿಂದ ಪೈ ಅವರಿಂದ ಹಿಡಿದು ಚರ್ಚೆ ನಡೆದೇ ಇದೆ. ಬೇರೆಯವರ ಕಿವಿಗೆ ಬಿದ್ದು, ಬೇರೆಯವರ ಲಿಪಿಯಲ್ಲಿ ಇಳಿದ ಮಾತನ್ನು ಮತ್ತೆ ಎತ್ತುವುದು ಎಷ್ಟು ಕಷ್ಟ ಅನ್ನೋದು ಆ ಚರ್ಚೆ ಓದಿದವರಿಗೆ ಗೊತ್ತು. ಡೇಸಿಯನ್‌ನ ಎಲ್ಲ ಪದಗಳೂ ಹಾಗೆ ಬಂದವೇ. ತಮ್ಮ ಭಾಷೆಯಲ್ಲಿ ಅವರೇ ಬರೆದದ್ದು ಅನ್ನುವ ಒಂದು ಪಠ್ಯವೂ ಇಲ್ಲ.

ಒಂದು ಇದೆ ಅಂತ ಕೆಲವರು ಹೇಳುತ್ತಾರೆ. 1954ರಲ್ಲಿ ಸರ್ಮಿಜೆಗೆತುಸಾದಲ್ಲಿ ಒಂದು ದೊಡ್ಡ ಮಣ್ಣಿನ ಪಾತ್ರೆ ಸಿಕ್ಕಿತು. ಅದರ ಮೇಲೆ ಲ್ಯಾಟಿನ್ ಅಕ್ಷರಗಳ ಎರಡು ಮುದ್ರೆ: ಒಂದರಲ್ಲಿ 'ಡೆಕೆಬಾಲುಸ್', ಇನ್ನೊಂದರಲ್ಲಿ 'ಪೆರ್ ಸ್ಕೊರಿಲೋ'. ಪೆರ್ ಅಂದರೆ ಮಗ, ಲ್ಯಾಟಿನ್‌ನ 'ಪುಎರ್', ಸಂಸ್ಕೃತದ ಪುತ್ರನಿಗೆ ಬಂಧು, ಆದ್ದರಿಂದ 'ಸ್ಕೊರಿಲೋ ಮಗ ಡೆಕೆಬಾಲುಸ್' ಅಂತ ಒಂದು ಓದು. 'ಪೆರ್' ಸುಮ್ನೆ ಲ್ಯಾಟಿನ್ ಪದ, 'ಸ್ಕೊರಿಲೋ ಮೂಲಕ' ಅಂತ ಅರ್ಥ, ಅಂದರೆ ಕುಂಬಾರನ ಗುರುತು ಅಂತ ಇನ್ನೊಂದು ಓದು. ಹಾಗಿದ್ದರೆ ಶುದ್ಧ ಲ್ಯಾಟಿನ್‌ನಲ್ಲಿ 'ಸ್ಕೊರಿಲುಮ್' ಆಗಬೇಕಿತ್ತು, ಆದರೆ ಗಡಿಯ ಕುಂಬಾರನಿಗೆ ವ್ಯಾಕರಣ ಕಟ್ಟುನಿಟ್ಟಾಗಿರಲಿಲ್ಲ ಅಂತಲೂ ಹೇಳಬಹುದು. ಮೂರು ಪದದ ಮೇಲೆ ಒಂದು ಭಾಷೆಯ ವ್ಯಾಕರಣ ಕಟ್ಟುವುದಕ್ಕೆ ಆಗುವುದಿಲ್ಲ.

ಲ್ಯಾಟಿನ್ ಡೇಸಿಯನ್‌ನಿಂದ ಹುಟ್ಟಿತು ಅನ್ನೋ ಮಾತಿಗೆ ಬರುತ್ತೇನೆ. ಇದು ರೊಮೇನಿಯಾದಲ್ಲೇ ಹುಟ್ಟಿದ ಹಳೆಯ ವಾದ, ನೂರು ವರ್ಷಕ್ಕಿಂತ ಹಿಂದಿನದು. ತಮ್ಮ ಪೂರ್ವಿಕರ ಮೇಲಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ವಾದ ತಪ್ಪು. ಲ್ಯಾಟಿನ್ ಬೆಳೆದದ್ದು ಇಟಲಿಯಲ್ಲಿ, ಆಸ್ಕನ್, ಅಂಬ್ರಿಯನ್, ಫಾಲಿಸ್ಕನ್ ಅನ್ನೋ ತನ್ನ ಒಡಹುಟ್ಟುಗಳ ಜೊತೆ. ಅವುಗಳ ಶಾಸನಗಳು ಕೈಯಲ್ಲಿವೆ. ರೋಮನ್ನರು ಡೇಸಿಯಾ ಗೆದ್ದದ್ದಕ್ಕಿಂತ 600 ವರ್ಷಕ್ಕೂ ಹಿಂದಿನ ಲ್ಯಾಟಿನ್ ಶಾಸನಗಳೂ ಇವೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಒಬ್ಬ ಕವಿ.

ಓವಿಡ್. ಲ್ಯಾಟಿನ್‌ನ ದೊಡ್ಡ ಕವಿ. ಕ್ರಿ.ಶ. 8ರಲ್ಲಿ ಚಕ್ರವರ್ತಿ ಆಗಸ್ಟಸ್ ಅವನನ್ನು ಕಪ್ಪು ಸಮುದ್ರದ ದಡದ ತೋಮಿಸ್‌ಗೆ ಗಡಿಪಾರು ಮಾಡಿದ. ಅದೇ ಈಗಿನ ರೊಮೇನಿಯಾದ ಕಾನ್‌ಸ್ಟಾಂಟ್ಸಾ. ಸುತ್ತಲೂ ಗೇಟೇ ಜನ. ಡೇಸಿಯನ್ನರದೂ ಇವರದೂ ಒಂದೇ ಮಾತು ಅಂತ ಸ್ಟ್ರಾಬೋ ಹೇಳಿದ್ದು ಇವರ ಬಗ್ಗೆಯೇ. ಅಲ್ಲಿಂದ ಓವಿಡ್ ಬರೆಯುತ್ತಾನೆ: ಇಲ್ಲಿ ಅನಾಗರಿಕ ಅಂದರೆ ನಾನೇ, ಯಾರಿಗೂ ನನ್ನ ಮಾತು ಅರ್ಥವಾಗುವುದಿಲ್ಲ, ಕೈಸನ್ನೆಯಲ್ಲಿ ಹೇಳಬೇಕಾಗಿದೆ. ಲ್ಯಾಟಿನ್ ಅವರ ಭಾಷೆಯ ಮಗಳಾಗಿದ್ದರೆ ಲ್ಯಾಟಿನ್‌ನ ಅತ್ಯುತ್ತಮ ಮಾತುಗಾರನಿಗೆ ಆ ಗತಿ ಬರುತ್ತಿತ್ತಾ? ವರ್ಷಗಳು ಕಳೆದ ಮೇಲೆ ಅವನು ಆ ಭಾಷೆ ಕಲಿತು, ಅದರಲ್ಲಿ ಒಂದು ಸಣ್ಣ ಕಾವ್ಯ ಬರೆದೆ ಅಂತಲೂ ಹೇಳಿಕೊಂಡಿದ್ದಾನೆ. ಆ ಕಾವ್ಯ ಉಳಿಯಲಿಲ್ಲ. ಉಳಿದಿದ್ದರೆ ನಾನು ಇಷ್ಟು ಉದ್ದ ಬರೆಯಬೇಕಾಗಿರಲಿಲ್ಲ. ನಾವು ಕಳೆದುಕೊಂಡದ್ದರಲ್ಲಿ ನನಗೆ ಅತಿ ಹೆಚ್ಚು ನೋವು ಕೊಡುವುದು ಅದೊಂದೇ.

ಹಾಗಾದರೆ ಸಂಸ್ಕೃತಕ್ಕೆ ಡೇಸಿಯನ್ ಏನಾಗಬೇಕು? ಮಗಳೂ ಅಲ್ಲ, ಅಕ್ಕನೂ ಅಲ್ಲ. ಒಬ್ಬಳೇ ಮುತ್ತಜ್ಜಿಯ ಮನೆಯಿಂದ ಬೇರೆ ಬೇರೆ ದಿಕ್ಕಿಗೆ ಹೋದವರ ಮೊಮ್ಮಕ್ಕಳು. ಡೇಸಿಯನ್‌ಗೆ ಹತ್ತಿರದ ನೆಂಟರು ಅಂತ ಹುಡುಕಿದರೆ ಥ್ರೇಸಿಯನ್, ಅಲ್ಬೇನಿಯನ್‌ನ ಪೂರ್ವಿಕ ಭಾಷೆ, ಬಾಲ್ಟಿಕ್ ಭಾಷೆಗಳು ಸಿಗುತ್ತವೆ, ಸಂಸ್ಕೃತ ಆಮೇಲೆ. ಸತೆಮ್ ಅನ್ನೋ ಗುರುತು ಎರಡರಲ್ಲೂ ಇದೆ ಅಂತ ಅವೆರಡೂ ಒಂದೇ ಕವಲು ಆಗಿಬಿಡುವುದಿಲ್ಲ. ನಾವು ಕನ್ನಡಿಗರು ಈ ಮನೆಯವರಲ್ಲ. ನಮ್ಮ ಹತ್ತು, ನೂರು, ಕುದುರೆ ದ್ರಾವಿಡದವು. ಆದರೆ ಘರ್ಮ, ಭೂರ್ಜ, ಧಾಮ, ಗರಂ ಎಲ್ಲ ನಮ್ಮ ಬಾಯಲ್ಲಿ ಇರುವುದರಿಂದ ಈ ನಂಟನ್ನು ಗುರುತಿಸಲು ನಮಗೆ ಸುಲಭ, ಅಲ್ವಾ?

ಭಾಷೆಯ ಚೂರುಗಳು ಇನ್ನೂ ಒಂದು ಕಡೆ ಉಳಿದಿವೆ, ರೊಮೇನಿಯನ್‌ನಲ್ಲಿ. ರೊಮೇನಿಯನ್ ಲ್ಯಾಟಿನ್‌ನ ಮಗಳು, ಅದರಲ್ಲಿ ಅನುಮಾನವಿಲ್ಲ. ಆದರೆ ಲ್ಯಾಟಿನ್‌ಗೂ ಸ್ಲಾವ್‌ಗೂ ಸೇರದ ಕೆಲವು ಪದಗಳು ಅದರಲ್ಲಿವೆ, ಅವುಗಳಲ್ಲಿ ಬಹಳಷ್ಟು ಅಲ್ಬೇನಿಯನ್‌ನಲ್ಲೂ ಸಿಗುತ್ತವೆ. ಒಲೆಗೆ 'ವಾತ್ರಾ', ಅಲ್ಬೇನಿಯನ್‌ನಲ್ಲಿ 'ವಾತರ್'. ತುಟಿಗೆ ಎರಡರಲ್ಲೂ 'ಬುಜಾ'. ಹೋತಕ್ಕೆ 'ತ್ಸಾಪ್'. ಕುರಿ ಕೂಡುವ ದೊಡ್ಡಿಗೆ 'ತ್ಸಾರ್ಕ್', ಅಲ್ಬೇನಿಯನ್‌ನಲ್ಲಿ 'ಥಾರ್ಕ್'. ಹಾಲು ಒಡೆದ ನೀರನ್ನು ಕಾಯಿಸಿ ಮಾಡುವ ಗಿಣ್ಣಿನಂಥ ಪದಾರ್ಥಕ್ಕೆ 'ಉರ್ದಾ'. ಕುರಿ ಕಾಯುವವರ ಪದಗಳೇ ಜಾಸ್ತಿ. ಪಟ್ಟಣದವರು ಲ್ಯಾಟಿನ್‌ಗೆ ಹೋದರೂ ಬೆಟ್ಟದ ಮೇಲಿನವರು ತಮ್ಮ ದೊಡ್ಡಿಯ ಮಾತನ್ನು ಬಿಡಲಿಲ್ಲ ಅಂತ ಕಾಣುತ್ತದೆ. ಇವು ನೇರವಾಗಿ ಡೇಸಿಯನ್ನೇ ಆಗಿರಬಹುದು, ಅಲ್ಬೇನಿಯನ್‌ನ ಪೂರ್ವಿಕ ಭಾಷೆಯಿಂದಲೂ ಬಂದಿರಬಹುದು. ಅದರ ವಾದವೇ ಬೇರೆ ಇದೆ.

ಒಂದು ಪದ ಮಾತ್ರ ಹೇಳಲೇಬೇಕು. ರೊಮೇನಿಯನ್‌ನಲ್ಲಿ ಬಿಳಿ ಕೊಕ್ಕರೆಗೆ 'ಬಾರ್ಜಾ' ಅಂತಾರೆ. ಅಲ್ಬೇನಿಯನ್‌ನಲ್ಲಿ 'ಬಾರ್ಧ್' ಅಂದರೆ ಬಿಳಿ. ಇವೆರಡರ ಧಾತು 'ಹೊಳೆ, ಬೆಳ್ಳಗಿರು' ಅನ್ನೋದು. ಅದೇ ಧಾತುವಿನಿಂದಲೇ ಬಿಳಿ ತೊಗಟೆಯ ಆ ಮರದ ಹೆಸರೂ ಬಂದದ್ದು. ಟ್ರೇಜನ್‌ನ ವಾಕ್ಯದಲ್ಲಿದ್ದ ಬೆರ್ಜೋಬಿಸ್ ನೆನಪಿದೆಯಲ್ಲ? ಆ ಮರದ ಬಿಳಿಯೇ ಇವತ್ತು ರೊಮೇನಿಯಾದ ಹಳ್ಳಿಗಳಲ್ಲಿ ಕಂಬಗಳ ಮೇಲೆ ಗೂಡು ಕಟ್ಟುವ ಹಕ್ಕಿಯ ಹೆಸರಿನಲ್ಲಿದೆ.

ಕೊನೆಯ ಪ್ರಶ್ನೆ, ಸತ್ತದ್ದು ಯಾವಾಗ. ಒಂದು ದಿನ, ಒಂದು ವರ್ಷ ಅಂತ ಹೇಳುವ ಹಾಗಿಲ್ಲ. ರೋಮನ್ ಆಳ್ವಿಕೆ ಸುಮಾರು 165 ವರ್ಷ ನಡೆಯಿತು. ಸಾಮ್ರಾಜ್ಯದ ಎಲ್ಲ ಕಡೆಯಿಂದ ಜನರನ್ನು ತಂದು ಕೂರಿಸಿದರು, ಅವರೆಲ್ಲರ ನಡುವಿನ ಮಾತು ಲ್ಯಾಟಿನ್ ಆಯಿತು. 271ರಿಂದ 275ರ ಹೊತ್ತಿಗೆ ಚಕ್ರವರ್ತಿ ಔರೇಲಿಯನ್ ಸೈನ್ಯವನ್ನು ಡ್ಯಾನ್ಯೂಬ್‌ನ ದಕ್ಷಿಣಕ್ಕೆ ವಾಪಸ್ ಕರೆಸಿಕೊಂಡ. ಗಡಿಯ ಹೊರಗೆ ಕಾರ್ಪಿ ಅನ್ನೋ ಡೇಸಿಯನ್ ಪಂಗಡದವರು ಆಮೇಲೂ ಇದ್ದರು. 6ನೇ ಶತಮಾನದಲ್ಲಿ ಇತಿಹಾಸಕಾರ ಪ್ರೊಕೋಪಿಯಸ್ ಬರೆದ ಕೋಟೆಗಳ ಪಟ್ಟಿಯಲ್ಲಿ 'ದವಾ' ಬಾಲದ ಹೆಸರುಗಳು ಇನ್ನೂ ಇವೆ. ಹೆಸರು ಇದೆ ಅಂದರೆ ಮಾತು ಇತ್ತು ಅಂತಲ್ಲ.

ರೋಮನ್ನರು ಡೇಸಿಯನ್ ಯುವಕರನ್ನು ಸೈನ್ಯಕ್ಕೆ ಸೇರಿಸಿ ದೂರ ದೂರ ಕಳಿಸಿದರು. ಈಜಿಪ್ಟ್‌ನ ಪೂರ್ವ ಮರುಭೂಮಿಯ ಕಾವಲು ಕೋಟೆಗಳಲ್ಲಿ ಸಿಕ್ಕ ಮಡಕೆ ಚೂರುಗಳ ಮೇಲೆ ಅವರ ಹೆಸರುಗಳಿವೆ. ಇನ್ನೊಂದು ತುದಿಯಲ್ಲಿ, ಬ್ರಿಟನ್ನಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಬರ್ಡೋಸ್ವಾಲ್ಡ್ ಕೋಟೆಯಲ್ಲಿ ಡೇಸಿಯನ್ನರ ಒಂದು ತುಕಡಿ ಬಹಳ ಕಾಲ ಇತ್ತು. ಅಲ್ಲಿ ಒಂದು ಸಮಾಧಿ ಕಲ್ಲು ಸಿಕ್ಕಿದೆ. ಒಂದು ಮಗುವಿನದು. ಮಗುವಿಗೆ ಇಟ್ಟ ಹೆಸರು ಡೆಕೆಬಾಲುಸ್, ಸೋತ ಆ ರಾಜನದೇ ಹೆಸರು. ಕಲ್ಲಿನ ಮೇಲೆ ಉಳಿದ ಮಾತೆಲ್ಲ ಲ್ಯಾಟಿನ್‌ನಲ್ಲಿದೆ.